ಗುರುವಾರದ ಹೆಂಗಸು

ನಮ್ಮ ಕಡೆಯವರಿಗೆ ಒಂದು ಅಭ್ಯಾಸ ಉಂಟು. ಜ್ವರ, ಹೊಟ್ಟೆನೋವಿಗೆಲ್ಲ ಊರಿನ ಡಾಕ್ಟರು ಸಾಕು. ನಾಲ್ಕು ಜನಕ್ಕೆ ಗೊತ್ತಾಗಬಾರದ ಕಾಯಿಲೆಯಾದರೆ ಮಾತ್ರ ಪಕ್ಕದ ತಾಲ್ಲೂಕಿಗೆ ಹೋಗಬೇಕು. ಕೊಪ್ಪದವರು ಎನ್.ಆರ್.ಪುರದ ಬಸ್ಸು ಹತ್ತುತ್ತಾರೆ, ಎನ್.ಆರ್.ಪುರದವರು ಕೊಪ್ಪದಲ್ಲಿ ಇಳಿಯುತ್ತಾರೆ. ಶೃಂಗೇರಿಗೆ ಬರುವವರಿಗಂತೂ ನೆಪ ಹುಡುಕುವ ಕಷ್ಟವೇ ಇಲ್ಲ, ದರ್ಶನಕ್ಕೆ ಬಂದೆ ಅಂದರಾಯಿತು. ಇನ್ನೊಂದು ಅಭ್ಯಾಸ, ಕಾಯಿಲೆಯವರು ತಾವಾಗಿ ಬಂದರೂ ತಮ್ಮದು ಅನ್ನುವುದಿಲ್ಲ. "ನಂಗಲ್ಲ, ನಮ್ಮ ಭಾವಂಗೆ" ಅನ್ನುತ್ತಾರೆ. ಜೋಯಿಸರ ಹತ್ತಿರ ಇನ್ನೊಬ್ಬರ ಜಾತಕ ಹಿಡಿದು ಹೋಗಿ ರೂಢಿಯಾದವರು ಮನಸ್ಸಿನ ಡಾಕ್ಟರ ಹತ್ತಿರವೂ ಹಾಗೇ ಬರುತ್ತಾರೆ.

ಇದನ್ನೆಲ್ಲ ಕಾಲೇಜಿನಲ್ಲಿ ನಗುನಗುತ್ತಾ ಹೇಳಿ ಎಲ್ಲರನ್ನೂ ನಗಿಸಿದವಳು ನಾನೇ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಒಂದು ಕೊಡಬೇಕು ಅನ್ನಿಸುತ್ತದೆ.

ನಾನು ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್ ಮಾಡುತ್ತಿದ್ದೇನೆ. ಮನಸ್ಸಿಗೆ ಕಷ್ಟ ಬಂದವರ ಜೊತೆ ಕೂತು, ಅವರ ಮಾತು ಕೇಳಿ, ಅದು ಏನು ಅಂತ ಗುರುತಿಸಿ, ಮಾತ್ರೆಯಿಲ್ಲದೆ ಏನು ಮಾಡಬಹುದೋ ಅದನ್ನು ಮಾಡುವ ಕೆಲಸದ ತರಬೇತಿ ಇದು. ಇಷ್ಟು ಹೇಳಲು ಎರಡು ನಿಮಿಷ ಸಾಕು. ಅಮ್ಮನಿಗೆ ಮಾತ್ರ ಆ ಎರಡು ನಿಮಿಷ ನಾನು ಯಾವತ್ತೂ ಕೊಡಲಿಲ್ಲ. "ನಿಂಗೆ ಅರ್ಥ ಆಗೂದಿಲ್ಲ ಬಿಡು" ಅಂತ ಮುಗಿಸುತ್ತಿದ್ದೆ. ಅವಳು ನೆಂಟರಿಗೆ "ಕೂಸು ಡಾಕ್ಟ್ರು ಓದ್ತಾ ಇದ್ದು" ಅನ್ನುತ್ತಿದ್ದಳು. ಕೇಳಲು ಚೆನ್ನಾಗಿತ್ತು, ಹಾಗಾಗಿ ನಾನು ತಿದ್ದಲಿಲ್ಲ.

ಕಾಲೇಜಿನ ವಿಷಯವೂ ಹಾಗೇ. ಅದು ಘಟ್ಟದ ಕೆಳಗಿನ ಒಂದು ಕ್ರಿಶ್ಚಿಯನ್ ಕಾಲೇಜು. ಸಿಸ್ಟರುಗಳು ನಡೆಸುವುದು. ಸೀಟು ಸಿಕ್ಕಾಗ ಬಿಡಲು ಮನಸ್ಸಾಗಲಿಲ್ಲ, ಯಾಕೆಂದರೆ ಅಷ್ಟು ಚೆನ್ನಾಗಿ ಕಲಿಸುವ ಜಾಗ ನಮ್ಮ ಸುತ್ತಮುತ್ತ ಬೇರೆ ಇರಲಿಲ್ಲ. ಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡ ಅಪ್ಪ ನನ್ನನ್ನು ಬಿಡಲು ಬಂದವನು ಗೇಟಿನ ಒಳಗಿನ ಮಾತೆಯ ಮೂರ್ತಿ ನೋಡಿ ಸ್ವಲ್ಪ ಹೊತ್ತು ನಿಂತ. "ಬೇಗಾರಿನಲ್ಲಿ ಹೇಳೂದು ಬೇಡ ಮಾರಾಯ್ತಿ" ಅಂದ. ಬೇಗಾರು ಅಮ್ಮನ ತವರು. ಮಠದ ಪೂಜೆ, ವ್ರತ, ಮಡಿ ಅಂದರೆ ಜೀವ ಬಿಡುವ ಮನೆ. "ನಿನ್ನಮ್ಮಂಗೂ ಬೇಡ. ಅವಳ ಬಾಯಲ್ಲಿ ಎಂತದೂ ನಿಲ್ಲೂದಿಲ್ಲ." ನಾನು ಖುಷಿಯಿಂದ ಒಪ್ಪಿದೆ. ಮನೆಯಲ್ಲಿ "ಯೂನಿವರ್ಸಿಟಿ" ಅಂದೆ. ಯೂನಿವರ್ಸಿಟಿ ಅಂದರೆ ಯಾವ ದೇವರೂ ಇಲ್ಲದ ಜಾಗ, ಯಾರೂ ಮುಂದೆ ಕೇಳುವುದಿಲ್ಲ.

ಕಾಲೇಜಿನಲ್ಲಿ ಮನೆಯನ್ನು ಮುಚ್ಚಿಟ್ಟೆ. ಅಪ್ಪನದು ಅಂಗಡಿ ಅಂತ ಹೇಳುತ್ತಿದ್ದೆ. ಬೇಗಾರಿಗೆ ಹೋದರೆ ಬಸ್ಸಿನ ಬಟ್ಟೆಯಲ್ಲಿ ಒಳಗೆ ಕಾಲಿಡುವ ಹಾಗಿಲ್ಲ, ಬಚ್ಚಲಿಗೆ ಹೋಗಿ ನೀರು ಹೊಯ್ದುಕೊಂಡೇ ಬರಬೇಕು ಅನ್ನುವುದನ್ನು ಹೇಳುತ್ತಿರಲಿಲ್ಲ. ಪಾಪ, ಅಲ್ಲಿ ನನ್ನನ್ನು ಯಾರೂ ಏನೂ ಕೇಳಿದವರಲ್ಲ. ಬೆಳಗಿನ ಪ್ರಾರ್ಥನೆಗೆ ಬಂದರೂ ಸರಿ, ಬರದಿದ್ದರೂ ಸರಿ. ಅವರಿಗೆ ನನ್ನ ಆತ್ಮಕ್ಕಿಂತ ನನ್ನ ಅಟೆಂಡೆನ್ಸ್ ಮುಖ್ಯವಾಗಿತ್ತು. ನಾಚಿಕೆ ಪೂರ್ತಿ ನನ್ನ ಸ್ವಂತದ್ದು.

ಕೊನೆಯ ಹಂತದಲ್ಲಿ ನಮ್ಮನ್ನು ಊರುಗಳ ಕಡೆ ಕಳಿಸುತ್ತಾರೆ. ನಮ್ಮ ಸೂಪರ್‌ವೈಸರ್ ಆಗಿದ್ದ ಸಿಸ್ಟರ್ ನಕ್ಷೆ ನೋಡಿ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಅಂತ ಹಂಚಿದರು. ಕೊಪ್ಪ ನನ್ನ ಊರು, ಗುರುತಿನವರು ಬರುತ್ತಾರೆ, ಅದು ಬೇಡ ಅಂದೆ. ಅದು ಸರಿಯಾದ ಕಾರಣವೇ. ಶೃಂಗೇರಿ ಕೊಟ್ಟರು. ನಾನು ಕೊಪ್ಪದ ಮನೆಯಿಂದಲೇ ಓಡಾಡತೊಡಗಿದೆ. ನನ್ನ ಗೆಳತಿಗೆ ಎನ್.ಆರ್.ಪುರ ಸಿಕ್ಕಿತು. ಅವಳು ಕರಾವಳಿಯವಳು, ಮೃದು ಸ್ವಭಾವ, ಎದುರಿಗಿದ್ದವರು ಅತ್ತರೆ ಅವಳೇ ಮೊದಲು ಕರ್ಚೀಫು ತೆಗೆಯುತ್ತಾಳೆ. ಎನ್.ಆರ್.ಪುರದಲ್ಲಿ ಚರ್ಚಿನ ಪಕ್ಕದ ಒಂದು ರೂಮಿನಲ್ಲಿ ಗುರುವಾರ ಗುರುವಾರ ಜನರನ್ನು ನೋಡುತ್ತಿದ್ದಳು. ಬಾಗಿಲಿಗೆ ಕಾಲೇಜಿನ ಬೋರ್ಡು ಕೂಡ ಇರಲಿಲ್ಲ. ಶನಿವಾರ ನಾವೆಲ್ಲ ಅದೇ ರೂಮಿನಲ್ಲಿ ಸೇರುತ್ತಿದ್ದೆವು, ಸಿಸ್ಟರ್ ಘಟ್ಟ ಹತ್ತಿ ಬರುತ್ತಿದ್ದರು.

ಶನಿವಾರದ ಕ್ರಮ ಹೀಗೆ. ಆ ವಾರ ಬಂದ ಒಬ್ಬರನ್ನು ಆರಿಸಿಕೊಳ್ಳಬೇಕು. ಅವರ ಹೆಸರು, ಊರು ಹೇಳುವಂತಿಲ್ಲ. ಅವರು ಕೂತ ಕುರ್ಚಿಯಲ್ಲಿ ನಾವು ಕೂತು, ಅವರಾಗಿ, ಅವರ ಮಾತಿನಲ್ಲೇ ಮಾತಾಡಬೇಕು. ಬರೆದದ್ದನ್ನು ಓದಿದರೆ ಸಿಸ್ಟರ್ ಒಪ್ಪುವುದಿಲ್ಲ. ಆ ಮನುಷ್ಯನ ಬೆನ್ನು ನಿಮ್ಮ ಬೆನ್ನಿಗೆ ಬರದಿದ್ದರೆ ನೀವು ಅವರನ್ನು ಕೇಳಿಸಿಕೊಂಡೇ ಇಲ್ಲ ಅನ್ನುತ್ತಿದ್ದರು. ಇನ್ನೊಂದು ನಿಯಮ, ಕುರ್ಚಿಯಲ್ಲಿ ಬಂದವರು ನಿಮಗೆ ಗುರುತಿನವರು ಅನ್ನಿಸಿದರೆ ಆ ಕ್ಷಣ ಎದ್ದು ಹೊರಗೆ ಹೋಗಬೇಕು. ಯಾಕೆ ಅಂತ ಯಾರೂ ಕೇಳುವುದಿಲ್ಲ.

ಆ ಶನಿವಾರ ಗೆಳತಿಯ ಸರದಿ. ಅವಳು ಕುರ್ಚಿಯ ಬೆನ್ನಿಗೆ ಒರಗದೆ ತುದಿಯಲ್ಲಿ ಕೂತಳು. ಬ್ಯಾಗನ್ನು ಮಡಿಲಲ್ಲಿಟ್ಟು ಅದರ ಕೆಳಗೆ ಎರಡೂ ಕೈ ಬಚ್ಚಿಟ್ಟಳು. ಆಮೇಲೆ ತನ್ನ ಕರಾವಳಿ ನಾಲಿಗೆಯನ್ನು ಕಷ್ಟಪಟ್ಟು ತಿರುಗಿಸಿ, "ನಂಗಲ್ಲ, ನನ್ನ ಅಕ್ಕಂಗೆ" ಅಂತ ಶುರುಮಾಡಿದಳು. ನಾವೆಲ್ಲ ನಕ್ಕೆವು. ನಾನು ಹೇಳಿದ್ದ ತಮಾಷೆ ನಿಜವಾಯಿತಲ್ಲ ಅಂತ ಇಬ್ಬರು ನನ್ನ ಕಡೆ ತಿರುಗಿ ನೋಡಿದರು.

"ಅಕ್ಕ ಲೋಟ ತೊಳೀತು. ತೊಳೆದಿದ್ದನ್ನೇ ತೊಳೀತು. ಅವಳ ಯಜಮಾನ್ರು ಅಂಗಡಿಗೆ ಹೋದ ಮೇಲೆ ಶುರು ಮಾಡಿದರೆ ಊಟದ ಹೊತ್ತಿಗೂ ಮುಗಿಯೂದಿಲ್ಲೆ. ಬಿಡೋಣ ಅಂದ್ರೆ ಎದೆಯೊಳಗೆ ಡ್ರೈ ರನ್ ಆಗ್ತು. ಬಾವಿಯಲ್ಲಿ ನೀರಿಲ್ಲದಾಗ ಮೋಟಾರು ಬಿಟ್ಟರೆ ಆಗ್ತಲ್ಲ, ಹಾಂಗೆ."

ನನ್ನ ನಗು ಅಲ್ಲೇ ನಿಂತಿತು. ಡ್ರೈ ರನ್ ಅನ್ನುವುದು ನಮ್ಮ ಮನೆಯ ಮಾತು. ಅಪ್ಪನ ಅಂಗಡಿಯಿಂದ ಅಡುಗೆಮನೆಗೆ ಬಂದು ಸೇರಿದ್ದು. ಸಾರಿಗೆ ನೀರು ಕಮ್ಮಿಯಾದರೂ ನಮ್ಮಲ್ಲಿ ಡ್ರೈ ರನ್ನೇ. ಅಮ್ಮನಿಗೆ ಅಕ್ಕ ಯಾರೂ ಇಲ್ಲ, ಅವಳೇ ಹಿರಿಯಳು.

ಗೆಳತಿ ಮುಂದುವರಿಸಿದಳು. "ನಮ್ಮ ಅಮ್ಮಂಗೂ ಹಿಂಗೇ ಇತ್ತು. ಕೈಯ ಚರ್ಮ ಸುಲಿದು ಬತ್ತಿತ್ತು. ಬಂದವರೆಲ್ಲ ಎಷ್ಟು ಮಡಿ, ಎಷ್ಟು ಮಡಿ ಅಂತ ಹೊಗಳಿ ಕಾಲಿಗೆ ಬೀಳ್ತಿದ್ದರು. ಅವಳು ಬಚ್ಚಲಲ್ಲಿ ಕೂತು ಅಳ್ತಿದ್ದಳು, ನಿಲ್ಸಕ್ಕೆ ಆಗ್ತಿಲ್ಲೆ ಅಂತ. ಅದು ಮಡಿ ಅಲ್ಲ ಅಂತ ನಂಗೆ ಗೊತ್ತು. ಅಲ್ಲ, ಅಕ್ಕಂಗೆ ಗೊತ್ತು. ಅಕ್ಕಂಗೆ ಒಬ್ಬಳೇ ಮಗಳು. ಇಂಥದ್ದನ್ನೇ ಓದ್ತಾ ಇದ್ದು ಅಂತ ಕಾಣ್ತು. ಅವಳು ಮನೆಯಲ್ಲಿದ್ದರೆ ಅಕ್ಕ ತೊಳೆಯೂದಿಲ್ಲೆ, ಕೈ ಸೆರಗೊಳಗೆ ಹಾಕ್ಕಂಡು ಗಟ್ಟಿ ಕೂತ್ಕಳ್ತು. ಆ ಕೂಸಿಗೆ ಮೊದಲೇ ನಮ್ಮ ಮೇಲೆ ನಾಚಿಕೆ. ಇದೂ ಗೊತ್ತಾದರೆ ಮತ್ತೆ ಮನೆಗೇ ಬತ್ತಿಲ್ಲೆ."

ನಾನು ಏಳಲಿಲ್ಲ.

ಏಳದಿರಲು ಒಂದು ಒಳ್ಳೆಯ ಕಾರಣ ತಕ್ಷಣ ಹೊಳೆಯಿತು. ನಾನು ಎದ್ದರೆ ಈ ಹೆಂಗಸು ಯಾರು ಅಂತ ರೂಮಿನಲ್ಲಿದ್ದವರಿಗೆಲ್ಲ ಗೊತ್ತಾಗುತ್ತದೆ, ಅಮ್ಮನ ಗುಟ್ಟು ಕಾಪಾಡಬೇಕಾದರೆ ಕೂತೇ ಇರಬೇಕು. ಎಂಥಾ ನ್ಯಾಯ ನೋಡಿ. ಅದನ್ನು ನಂಬಿಕೊಂಡು ಗಟ್ಟಿಯಾಗಿ ಕೂತೆ. ಕಿವಿ ಮಾತ್ರ ಒಂದಕ್ಷರ ಬಿಡದೆ ಕೇಳುತ್ತಿತ್ತು.

ಗೆಳತಿ ಕುರ್ಚಿಯಿಂದ ಎದ್ದು ಮತ್ತೆ ತಾನಾದಳು. ಅಕ್ಕ ಅನ್ನುವವರು ಇಲ್ಲ, ಅದು ಆಕೆಯೇ ಇರಬೇಕು ಅಂದಳು. ಎಲ್ಲರೂ ಹೌದು ಅಂದರು, ನಾನೂ ತಲೆಯಾಡಿಸಿದೆ. ಒಬ್ಬ ಸಹಪಾಠಿ ಇದು ಪುಸ್ತಕದಲ್ಲಿರುವ ತೊಳೆಯುವ ಕಾಯಿಲೆಯೇ, ತಾಯಿಗೂ ಅದೇ ಇದ್ದದ್ದು, ಇದರಲ್ಲಿ ಚರ್ಚೆಗೆ ಏನೂ ಇಲ್ಲ ಅಂದ. ಸಿಸ್ಟರ್ ನನ್ನ ಕಡೆ ತಿರುಗಿದರು. "ನೀನು ಈ ಕಡೆಯವಳು. ಮಡಿ ಅಂದರೆ ನಮಗೆ ಅಷ್ಟು ಗೊತ್ತಿಲ್ಲ. ನೀನು ಹೇಳು."

ಆ ರೂಮಿನಲ್ಲಿ ಬೇಗಾರಿನ ಕಡೆಯಿಂದ ಬಂದವಳು ನಾನೊಬ್ಬಳೇ. ಅಮ್ಮನ ತಾಯಿ ನನ್ನಜ್ಜಿಯ ಫೋಟೋ ಬೇಗಾರಿನ ಜಗುಲಿಯಲ್ಲಿ ಇವತ್ತಿಗೂ ಇದೆ, ಅಂಥಾ ಮಡಿಯ ಹೆಂಗಸು ಆ ಸುತ್ತಿನಲ್ಲೇ ಇರಲಿಲ್ಲ ಅಂತ ಹೇಳಿ ನಮ್ಮನ್ನು ಬೆಳೆಸಿದ್ದು. ತೊಳೆಯುವ ಕಾಯಿಲೆಯ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಬರೆಯುವಾಗ ಒಂದು ಸಲವೂ ಅಜ್ಜಿಯ ನೆನಪು ಬಂದಿರಲಿಲ್ಲ. ಕಾಯಿಲೆ ಬೇರೆಯವರಿಗೆ, ನಮ್ಮ ಮನೆಯಲ್ಲಿ ಮಡಿ. ಆ ಹುಡುಗ ನಮ್ಮಜ್ಜಿಯನ್ನು ಕಾಯಿಲೆಯವಳು ಅಂದಾಗ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ಸರಿ ಅಂತ ಗೊತ್ತಾಗಿಯೇ ಉರಿಯಿತು.

"ಇದನ್ನು ಕಾಯಿಲೆ ಅನ್ನುವುದು ತಪ್ಪು" ಅಂದೆ. "ಮಡಿ ನಮ್ಮ ಕಡೆ ಸಂಪ್ರದಾಯ. ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ತಾಯಿ ಮಾಡಿದ್ದನ್ನು ಮಗಳು ಮಾಡುತ್ತಿದ್ದಾರೆ, ಅಷ್ಟೇ."

"ಆದರೆ ಆಕೆಯೇ ಮಡಿ ಅಲ್ಲ ಅನ್ನುತ್ತಿದ್ದಾರಲ್ಲ" ಅಂದರು ಸಿಸ್ಟರ್.

"ಮಗಳು ದೂರವಾದ ಬೇಜಾರಿಗೆ ಹಾಗೆ ಅನ್ನಿಸುತ್ತಿರಬಹುದು. ಮಗಳ ಬಗ್ಗೆ ಹೇಳಿದ್ದನ್ನೂ ಪೂರ್ತಿ ನಂಬುವ ಹಾಗಿಲ್ಲ."

ಕೊನೆಯ ಆ ಮಾತು ಕೂಡ ನನ್ನ ಬಾಯಿಂದ ಬಂತು. ನನ್ನ ಹೆತ್ತವಳ ಮಾತಿಗೆ ನಾನೇ ಎದುರು ಸಾಕ್ಷಿ ಹೇಳಿ, ನನ್ನನ್ನು ನಾನೇ ಬಿಡಿಸಿಕೊಂಡು ಬಂದೆ. ಸಿಸ್ಟರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅವಸರ ಮಾಡಬೇಡ, ಇನ್ನೂ ಕೇಳು ಅಂತ ಗೆಳತಿಗೆ ಹೇಳಿದರು. ಬಸ್ ಸ್ಟ್ಯಾಂಡಿನ ತನಕ ಗೆಳತಿ ನನ್ನ ಜೊತೆ ಬಂದಳು. ಹಾಗಾದರೆ ಆ ಅಮ್ಮನಿಗೆ ನಾನು ಏನು ಹೇಳಲಿ ಅಂತ ಕೇಳಿದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ. "ಇದು ನಿಮ್ಮ ಸಂಪ್ರದಾಯ, ಕಾಯಿಲೆ ಅಂತ ಹೆದರಬೇಡಿ ಅಂತ ಹೇಳು. ನಮ್ಮ ಕಡೆಯವರಿಗೆ ಅಷ್ಟು ಹೇಳಿದರೆ ಸಮಾಧಾನ ಆಗ್ತದೆ" ಅಂದೆ. ನಾನೇ ಪದ ಹೊಂದಿಸಿ ಕೊಟ್ಟೆ.

ಮರುದಿನ ಭಾನುವಾರ ಮನೆಯಲ್ಲಿ ಮೊದಲ ಸಲ ಅಮ್ಮನ ಕೈ ನೋಡಿದೆ. ಮೊದಲ ಸಲ ಅಂದರೆ ನಿಜಕ್ಕೂ ಮೊದಲ ಸಲ. ಬೆರಳುಗಳು ನೀರಲ್ಲಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ, ಗೆಣ್ಣುಗಳ ಮೇಲೆ ಸಣ್ಣ ಸಣ್ಣ ಬಿರುಕು. ಬಡಿಸುವಾಗ ಕಾಣಿಸಿತು, ಬಡಿಸಿ ಆದ ತಕ್ಷಣ ಸೆರಗಿನ ಒಳಗೆ ಹೋಯಿತು.

"ಕೈಗೆ ಎಂತ ಆಯ್ತು?" ಅಂದೆ.

"ಸೋಪು ಬದಲಾಯಿಸಿದ್ದೆ, ಹಿಡಿಸಿದ್ದಿಲ್ಲೆ" ಅಂದಳು.

"ಹೌದಾ" ಅಂದೆ. ಅಷ್ಟಕ್ಕೆ ಬಿಟ್ಟೆ. ಅಪ್ಪ ಉಪ್ಪಿನಕಾಯಿ ಕೇಳಿದ. ಎದುರಿಗೆ ಕೂತವರು ಸುಳ್ಳು ಹೇಳುವಾಗ ಕಣ್ಣು ಎಲ್ಲಿ ಹೋಗುತ್ತದೆ, ಆಗ ಸುಮ್ಮನೆ ಎಷ್ಟು ಹೊತ್ತು ಕಾಯಬೇಕು ಅಂತೆಲ್ಲ ನಮಗೆ ಕಲಿಸಿದ್ದಾರೆ. ಶೃಂಗೇರಿಯಲ್ಲಿ ನೆಮ್ಮಾರಿನಿಂದ ಬಂದ ಒಬ್ಬ ಅಜ್ಜನ ಎದುರು ನಾನು ಅದನ್ನು ಚೆನ್ನಾಗಿಯೇ ಮಾಡಿದ್ದೆ, ಸಿಸ್ಟರ್ ಮೆಚ್ಚಿಕೊಂಡಿದ್ದರು. ಮನೆಯಲ್ಲಿ ಅನ್ನ ಕಲಸಿಕೊಂಡು ಉಂಡೆ.

ಗುರುವಾರದ ಹೆಂಗಸಿನ ವಿಷಯ ಮುಂದಿನ ಶನಿವಾರ ಗೆಳತಿ ತಾನಾಗಿ ಎತ್ತಿದಳು. ನಾನು ಕಲಿಸಿದ ಮಾತನ್ನು ಹೇಳಿದಳಂತೆ. ಆಕೆ ಅವಳ ಮುಖ ನೋಡಿ, "ಹೌದಾ, ಒಳ್ಳೇದಾತು" ಅಂದು, ಇನ್ನೂ ಸಮಯ ಇರುವಾಗಲೇ ಎದ್ದು ಹೋದರಂತೆ. ಹೋಗುವಾಗ ಇವಳ ಗಲ್ಲ ಮುಟ್ಟಿ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದರಂತೆ. ಅದರ ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನ್ ನಂಬರ್ ಕೊಟ್ಟವರಲ್ಲ, ಕೊಟ್ಟ ಹೆಸರೂ ನಿಜವೋ ಸುಳ್ಳೋ ಗೊತ್ತಿಲ್ಲ, ತಾನು ಏನೋ ತಪ್ಪು ಮಾಡಿದೆ ಅಂತ ಗೆಳತಿ ಅಳುವ ಹಾಗಾದಳು. ನಾನು ಅವಳ ಬೆನ್ನು ಸವರಿ ಸಮಾಧಾನ ಮಾಡಿದೆ. ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆ ನಿಮಗೆ ಯಾವ ಭ್ರಮೆಯೂ ಉಳಿದಿರಲಿಕ್ಕಿಲ್ಲ.

ಕೊಪ್ಪದಲ್ಲಿ ಅಮ್ಮ ಇನ್ನಷ್ಟು ನೆಟ್ಟಗೆ ಕೂರತೊಡಗಿದಳು. ಒಂದು ಬೆಳಿಗ್ಗೆ ಶೃಂಗೇರಿಯ ಬಸ್ಸು ತಪ್ಪಿ ನಾನು ಮನೆಗೆ ವಾಪಸು ಬಂದೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಲ್ಲಿಯ ಸದ್ದು, ಸ್ಟೀಲ್ ಲೋಟಗಳ ಸದ್ದು. ಅದರ ನಡುವೆ ಅಮ್ಮ ಸಣ್ಣ ದನಿಯಲ್ಲಿ "ಸಾಕು, ಸಾಕು, ಸಾಕು" ಅನ್ನುತ್ತಿದ್ದಳು, ಯಾರನ್ನೋ ಕೈಮುಗಿದು ಬೇಡಿಕೊಳ್ಳುವವರ ಹಾಗೆ. ನಾನು ಚಪ್ಪಲಿ ಬಿಡದೆ ಹಾಗೇ ತಿರುಗಿ ಹೊರಗೆ ಬಂದೆ. ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅವಳು ಎರಡು ತಾಲ್ಲೂಕಿನ ನಡುವೆ ಒಂದೇ ಒಂದು ಜಾಗ ಹುಡುಕಿಕೊಂಡಿದ್ದಳು, ಇದು ಮಡಿ ಅಲ್ಲ ಅಂತ ಬಾಯಿಬಿಟ್ಟು ಹೇಳಲು. ಅಲ್ಲಿಗೆ ಹೋಗಿ ಬಾಗಿಲು ಹಾಕಿದವಳು ನಾನು.

ಆ ಶನಿವಾರ ಎಲ್ಲರೂ ಹೋದ ಮೇಲೆ ಸಿಸ್ಟರಿಗೆ ಹೇಳಿದೆ. ಮೊದಲಿಂದ ಕೊನೆಯ ತನಕ, ಮನೆಯಲ್ಲಿ ಕಾಲೇಜಿನ ಹೆಸರು ಮುಚ್ಚಿಟ್ಟದ್ದೂ ಸೇರಿ. ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಆವತ್ತೇ.

"ಎದ್ದು ಹೋಗಲಿಕ್ಕೆ ನಿನಗೆ ಕಾಲಿರಲಿಲ್ಲವಾ?" ಅಂದರು.

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅಳು ಮುಗಿಯುವ ತನಕ ಕಾದರು. ಆಮೇಲೆ ಹೇಳಿದರು, ಆಕೆಯ ಮಾತನ್ನು ಯಾರು ಕೇಳಿದರು ಅಂತ ತಿಳಿಯುವ ಹಕ್ಕು ಆಕೆಗಿದೆ. ಆಕೆ ಇಲ್ಲಿಗೆ ಬರುತ್ತಿದ್ದರೆ ನಾವೇ ಹೇಳುತ್ತಿದ್ದೆವು. ಈಗ ಬರುತ್ತಿಲ್ಲ, ಆದ್ದರಿಂದ ನೀನೇ ಹೇಳಬೇಕು. ಇಲ್ಲಿಯ ವಿದ್ಯಾರ್ಥಿನಿಯಾಗಿ ಅಲ್ಲ, ಮಗಳಾಗಿ. ನಿನ್ನ ಕೋರ್ಸಿನ ವಿಷಯ ಆಮೇಲೆ ನೋಡೋಣ. "ಆಕೆ ಮತ್ತೆ ಬರುತ್ತೇನೆ ಅಂದರೆ ನಮ್ಮ ಬಾಗಿಲು ತೆರೆದಿದೆ. ನಾನೇ ಬೇಕಾದರೂ ಕೂರುತ್ತೇನೆ. ಬಾ ಅಂತ ಒತ್ತಾಯ ಮಾತ್ರ ಮಾಡಬೇಡ."

ಹೇಳಲು ಜಾಗ ಸಿಗಲಿಲ್ಲ. ಮನೆಯಲ್ಲಿ ಎದುರುಬದುರು ಕೂತರೆ ನಾನು ಬೇರೆ ಏನೋ ಮಾತೆತ್ತಿ ಎದ್ದುಬಿಡುತ್ತಿದ್ದೆ. ಕೊನೆಗೆ ಹರಿಹರಪುರದಲ್ಲಿ ಒಬ್ಬ ನೆಂಟರ ಗೃಹಪ್ರವೇಶಕ್ಕೆ ನಾವಿಬ್ಬರೇ ಹೋಗಿದ್ದು, ಊಟ ಮುಗಿಸಿ ಕೊಪ್ಪದ ಬಸ್ಸಿಗೆ ಕಾಯುತ್ತಾ ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದೆವು. ಅಕ್ಕಪಕ್ಕ ಕೂತರೆ ಮುಖ ನೋಡಬೇಕಾಗಿಲ್ಲ, ಅದೇ ಧೈರ್ಯ.

"ಅಮ್ಮಾ, ನಾನು ಓದ್ತಿರೂದು ಕ್ರಿಶ್ಚಿಯನ್ ಕಾಲೇಜಲ್ಲಿ" ಅಂದೆ.

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಊಟ ತಿಂಡಿ ಎಲ್ಲ ಸರಿ ಇದ್ದಾ ಅಲ್ಲಿ?" ಅಂದಳು. ವರ್ಷಗಟ್ಟಲೆ ನಾನು ಎದೆಯಲ್ಲಿ ಇಟ್ಟುಕೊಂಡು ತಿರುಗಿದ ವಿಷಯ ಅವಳಿಗೆ ಅಷ್ಟೇ ಆಗಿತ್ತು.

"ಇದ್ದು" ಅಂದೆ. "ಎನ್.ಆರ್.ಪುರದಲ್ಲಿ ಚರ್ಚಿನ ಪಕ್ಕ ಒಂದು ರೂಮಿದ್ದಲ್ಲ, ಅದು ನಮ್ಮ ಕಾಲೇಜಿಂದೇ. ಅಲ್ಲಿ ಕೂರೂ ಹುಡುಗಿ ನನ್ನ ಗೆಳತಿ. ಬಂದವರ ವಿಷಯ, ಹೆಸರು ಹೇಳದೆ, ನಾವೆಲ್ಲ ಸೇರಿ ಮಾತಾಡ್ತೇವೆ. ನಾನೂ ಇದ್ದೆ."

ಅವಳು ಎರಡೂ ಕೈ ಬ್ಯಾಗಿನ ಕೆಳಗೆ ಸೇರಿಸಿದಳು. ಎದುರಿನ ಅಂಗಡಿಯವನು ಬಾಳೆಗೊನೆ ಒಳಗೆ ತೆಗೆದಿಡುತ್ತಿದ್ದ, ನಾವಿಬ್ಬರೂ ಅದನ್ನೇ ನೋಡಿದೆವು.

"ಎಲ್ಲಾ ಕೇಳಿದ್ಯಾ?"

"ಕೇಳಿದೆ."

"ಎದ್ದು ಹೋಗಕಾಗಿತ್ತು ನೀನು."

"ಎದ್ದು ಹೋದರೆ ನೀನು ಅಂತ ಅವರಿಗೆಲ್ಲ ಗೊತ್ತಾಗ್ತಿತ್ತು."

"ಅವು ನನ್ನ ಮುಖ ಕಂಡವಲ್ಲ, ಊರು ಕಂಡವಲ್ಲ. ಗೊತ್ತಾದರೆ ನಂಗೆ ಎಂತ ಹೋಗ್ತಿತ್ತು?" ಅಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ನಿಜಕ್ಕೂ ಲೆಕ್ಕ ಹಾಕಿ ಕೇಳಿದ ಹಾಗೆ ಇತ್ತು. ನನ್ನ ಒಳ್ಳೆಯ ಕಾರಣ ಅಲ್ಲಿಗೆ ಮುಗಿಯಿತು.

"ನಿನ್ನ ಕೇಳಿದ್ದವಾ ಅವು? ನೀ ಎಂತ ಹೇಳಿದೆ?" ಅಂದಳು.

ಸುಳ್ಳು ಹೇಳಬಹುದಿತ್ತು. ಬಸ್ಸು ಬಂದಿದ್ದರೆ ಹೇಳಿಯೂ ಬಿಡುತ್ತಿದ್ದೆನೋ ಏನೋ. "ಮಡಿ ಅಂದೆ" ಅಂದೆ. "ಆ ಹುಡುಗಿಗೆ ಹಾಗೆ ಹೇಳಲಿಕ್ಕೆ ಹೇಳಿಕೊಟ್ಟಿದ್ದೂ ನಾನೇ."

ಅಮ್ಮ ನನ್ನ ಕಡೆ ತಿರುಗಿದಳು. "ಆ ಕೂಸು ಹೇಳಿದಾಗ ನಾ ಅಂದ್ಕಂಡೆ, ಪಾಪ, ಹೊರಗಿಂದು, ಅದಕ್ಕೆ ಎಂತ ಗೊತ್ತು ಅಂತ" ಅಂದಳು.

ತಪ್ಪಾಯಿತು ಅಂದೆ. ಅದು ಮಡಿ ಅಲ್ಲ, ಅಜ್ಜಿಯದೂ ಅಲ್ಲ, ಅದಕ್ಕೆ ದಾರಿ ಇದೆ, ಮದ್ದೂ ಇದೆ ಅಂದೆ. ಹೇಳುತ್ತಾ ಹೇಳುತ್ತಾ ಪಾಠ ಒಪ್ಪಿಸಿದ ಹಾಗೆ ಆಯಿತು, ಅರ್ಧಕ್ಕೆ ನಿಲ್ಲಿಸಿದೆ. ಅಮ್ಮ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಕೊಪ್ಪದ ತನಕ ಹೊರಗೆ ನೋಡಿದಳು. ಇಳಿಯುವಾಗ, "ಆ ಹುಡುಗಿ ಒಳ್ಳೇದು. ಮತ್ತೆ ಹೋಗ್ಲಾ? ನಿಂಗೆ ತೊಂದರೆ ಆಗ್ತಾ?" ಅಂದಳು. ನನ್ನ ಅಪ್ಪಣೆ ಕೇಳುತ್ತಿದ್ದಳು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ಹೋಗು ಅಂದೆ, ನೀನು ಹೋದ ದಿನದ ಮಾತು ಬಂದಾಗ ನಾನು ಆ ರೂಮಿನಲ್ಲಿ ಇರುವುದಿಲ್ಲ ಅಂದೆ.

ಗುರುವಾರ ಇಬ್ಬರೂ ಒಟ್ಟಿಗೆ ಮನೆಯಿಂದ ಹೊರಟೆವು. ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಅವಳದು ಎನ್.ಆರ್.ಪುರದ ಬಸ್ಸು, ನನ್ನದು ಶೃಂಗೇರಿಯದು. ಅಲ್ಲಿ ನಮ್ಮ ಬೀದಿಯ ಒಬ್ಬ ಹೆಂಗಸು ಸಿಕ್ಕಿದರು. ಸುದ್ದಿಯನ್ನು ಊಟಕ್ಕೆ ಮೊದಲು ಇಡೀ ಕೊಪ್ಪಕ್ಕೆ ಮುಟ್ಟಿಸುವವರು. ಎಲ್ಲಿಗೆ ಹೊರಟದ್ದು ಅಂತ ಕೇಳಿದರು. ಯಾರೋ ನೆಂಟರ ಮನೆ ಹೆಸರು ಹೇಳುತ್ತಾಳೆ ಅಂತ ನಾನು ನಿಶ್ಚಿಂತೆಯಾಗಿ ನಿಂತಿದ್ದೆ.

"ಎನ್.ಆರ್.ಪುರಕ್ಕೆ, ಡಾಕ್ಟ್ರ ಹತ್ರ" ಅಂದಳು ಅಮ್ಮ. "ಪಾತ್ರೆ ತೊಳೀಲಿಕ್ಕೆ ಹೋದರೆ ನಿಲ್ಲಿಸಲಿಕ್ಕೆ ಆಗೂದಿಲ್ಲ ಮಾರಾಯ್ತಿ. ಅದೊಂದು ಮನಸ್ಸಿನ ಕಾಯಿಲೆ ಅಂತೆ. ನಮ್ಮಮ್ಮಂಗೂ ಇತ್ತು."

ಆ ಹೆಂಗಸಿನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ಮನೆಯಲ್ಲೇ ಮಗಳು ಡಾಕ್ಟ್ರಲ್ವಾ?" ಅಂದರು.

ಮನಸ್ಸಿನ ಕಾಯಿಲೆಗೆ ನಾಚಿಕೆ ಪಡಬಾರದು ಅಂತ ಶೃಂಗೇರಿಯಲ್ಲಿ ದಿನಾ ಹೇಳುವವಳು ನಾನು. ಆವತ್ತೂ ಅದನ್ನು ಹೇಳಲಿಕ್ಕೇ ಹೊರಟಿದ್ದೆ. ಕಿವಿ ಕಾದವು, ಕುತ್ತಿಗೆ ಬೆವರಿತು, ಏನೋ ಹುಡುಕುವವಳ ಹಾಗೆ ಫೋನು ತೆಗೆದು ಕೆಳಗೆ ನೋಡಿದೆ. ತಲೆಯೆತ್ತಿದಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಎಲ್ಲವೂ ಅವಳಿಗೆ ಕಂಡಿತ್ತು.

"ನೀ ಹೊರಡು ಕೂಸೇ, ನಿನ್ನ ಬಸ್ಸು ಹೋಗ್ತು" ಅಂದಳು. ಶೃಂಗೇರಿಯ ಬಸ್ಸಿಗೆ ಇನ್ನೂ ಡ್ರೈವರ್ ಹತ್ತಿರಲಿಲ್ಲ.